ಒಂದೇ ಹೆಸರು, ಬೇರೆ ಬೇರೆ ಜಾಗ: ಮಿದುಳಿನ ರಚನೆಯನ್ನು ಕಂಪ್ಯೂಟರಿಗೆ ತಿಳಿಸುವುದು ಏಕೆ, ಹೇಗೆ?

ಮನೋರೋಗಗಳ ಸಂಶೋಧನೆಯ ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆಯುವಾಗ ‘ಮಿದುಳಿನ ಅಂಗರಚನೆಯ ಆಂಟಾಲಜಿ’ ಎಂಬ ಮಾತನ್ನು ಹೆಚ್ಚು ವಿವರಿಸದೆ ಬಳಸಿದ್ದೆ. ಅದನ್ನು ಬಿಡಿಸಿ ಹೇಳಬೇಕೆಂದು ಹಲವು ಓದುಗರು ಕೇಳಿದ್ದಾರೆ. ಬಂದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಆಯ್ದುಕೊಂಡಿದ್ದೇನೆ. ಕೊನೆಯ ಪ್ರಶ್ನೆ ರೋಗಿಯೊಬ್ಬರ ಅಕ್ಕನದು. ಉಳಿದ ಉತ್ತರಗಳ ಹಿನ್ನೆಲೆ ಅದಕ್ಕೆ ಬೇಕಾಗುತ್ತದೆ ಎಂಬ ಕಾರಣಕ್ಕೆ ಅದನ್ನು ಕೊನೆಯಲ್ಲಿಟ್ಟಿದ್ದೇನೆ.

ಪ್ರಶ್ನೆ (ಜೀವವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ): ಮಿದುಳಿನ ಭಾಗಗಳ ಹೆಸರುಗಳೆಲ್ಲ ಅಂಗರಚನಾಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಇದ್ದೇ ಇವೆ. ಆಂಟಾಲಜಿ ಎಂದರೆ ಅವನ್ನೇ ಕಂಪ್ಯೂಟರಿಗೆ ತುಂಬುವುದೇ? ಅದರಿಂದ ಹೊಸದಾಗಿ ಸಿಗುವುದೇನು?

ಉತ್ತರ: ಪಠ್ಯಪುಸ್ತಕವನ್ನು ಓದುವವರು ಮನುಷ್ಯರು. ಲೇಖಕರು ಬಾಯಿಬಿಟ್ಟು ಹೇಳದೆ ಉಳಿಸಿದ್ದನ್ನು ಅವರು ಸಂದರ್ಭ ನೋಡಿ ತಾವೇ ತುಂಬಿಕೊಳ್ಳುತ್ತಾರೆ. ಹಿಪೊಕ್ಯಾಂಪಸ್ ಎಂಬ ಒಂದೇ ಹೆಸರನ್ನು ತೆಗೆದುಕೊಳ್ಳಿ. ನೆನಪುಗಳು ನೆಲೆಗೊಳ್ಳಲು ಅಗತ್ಯವಾದ ಈ ಭಾಗವು ಮಿದುಳಿನ ಎರಡೂ ಪಕ್ಕಗಳಲ್ಲಿ, ಕಿವಿಯ ಬಳಿಯ ಟೆಂಪೊರಲ್ ಲೋಬ್ ಎಂಬ ದೊಡ್ಡ ವಿಭಾಗದ ಒಳಮಗ್ಗುಲಲ್ಲಿದೆ. ಕೆಲವು ಲೇಖಕರು ಈ ಹೆಸರಿನಿಂದ ಅಮೋನನ ಕೊಂಬು ಎಂದು ಕರೆಯುವ ಭಾಗವನ್ನಷ್ಟೇ ಸೂಚಿಸುತ್ತಾರೆ. ಇನ್ನು ಕೆಲವರು ಅದರೊಂದಿಗೆ ಡೆಂಟೇಟ್ ಗೈರಸ್ಸನ್ನೂ ಸೇರಿಸಿಕೊಳ್ಳುತ್ತಾರೆ. ಮತ್ತೆ ಕೆಲವರಿಗೆ ಸಬಿಕ್ಯುಲಮ್ ಕೂಡ ಹಿಪೊಕ್ಯಾಂಪಸ್ಸೇ. ಮೂವರೂ ತಮ್ಮ ತಮ್ಮ ಮಟ್ಟಿಗೆ ಸರಿ. ಆದರೆ ಮೂವರ ಅಧ್ಯಯನಗಳನ್ನು ಒಟ್ಟುಗೂಡಿಸಿ ‘ಖಿನ್ನತೆಯಿರುವವರಲ್ಲಿ ಹಿಪೊಕ್ಯಾಂಪಸ್ ಕುಗ್ಗುತ್ತದೆಯೇ’ ಎಂದು ಕೇಳಿದರೆ ನಾವು ಮೂರು ಬೇರೆ ಬೇರೆ ವಸ್ತುಗಳ ಅಳತೆಗಳನ್ನು ಒಂದೇ ಎಂದು ಕೂಡಿದಂತಾಗುತ್ತದೆ, ಮತ್ತು ಹಾಗೆ ಕೂಡಿದ್ದು ಯಾರ ಗಮನಕ್ಕೂ ಬರುವುದಿಲ್ಲ.

ಆಂಟಾಲಜಿ ಎಂಬುದು ಮೂಲತಃ ತತ್ತ್ವಶಾಸ್ತ್ರದ ಪದ. ‘ಏನೇನು ಇದೆ, ಇರುವುದು ಹೇಗಿದೆ’ ಎಂದು ವಿಚಾರಿಸುವ ಶಾಖೆಗೆ ಅಲ್ಲಿ ಆ ಹೆಸರಿದೆ. ಕಂಪ್ಯೂಟರ್ ವಿಜ್ಞಾನ ಅದನ್ನು ಎರವಲು ಪಡೆದು, ಒಂದು ಕ್ಷೇತ್ರದಲ್ಲಿರುವ ವಸ್ತುಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ ಯಂತ್ರವು ತರ್ಕ ಮಾಡಬಲ್ಲ ಹಾಗೆ ಬರೆದಿಡುವ ನಿರೂಪಣೆಗೆ ಬಳಸುತ್ತದೆ. ಅದರಲ್ಲಿ ಹೆಸರಿಗಿಂತ ವಸ್ತು ಮುಖ್ಯ. ಪ್ರತಿಯೊಂದು ರಚನೆಗೂ ಒಂದು ಗುರುತಿನ ಸಂಖ್ಯೆ, ಒಂದು ವ್ಯಾಖ್ಯೆ, ಆಮೇಲೆ ಅದಕ್ಕೆ ರೂಢಿಯಲ್ಲಿರುವ ಎಲ್ಲ ಹೆಸರುಗಳು ಇರುತ್ತವೆ. ಒಂದೇ ಹೆಸರು ಮೂರು ವಸ್ತುಗಳಿಗೆ ಸಲ್ಲುವುದಾದರೆ ಆ ಮೂರಕ್ಕೂ ಬೇರೆ ಬೇರೆ ಸಂಖ್ಯೆ ಸಿಗುತ್ತದೆ. ಸಂಶೋಧಕರು ಯಾವ ಸಂಖ್ಯೆಯನ್ನು ತಮ್ಮ ದತ್ತಾಂಶಕ್ಕೆ ಅಂಟಿಸಿದ್ದಾರೆ ಎಂಬುದನ್ನು ನೋಡಿದರೆ ಸಾಕು, ಅವರು ಯಾವುದನ್ನು ಅಳೆದರು ಎಂಬುದು ಗೊತ್ತಾಗುತ್ತದೆ.

ಹೆಸರುಗಳ ಗೊಂದಲ ಹಳೆಯದು. 1895ರಲ್ಲಿ ಬಾಸೆಲ್ ನಗರದಲ್ಲಿ ಅಂಗರಚನಾಶಾಸ್ತ್ರಜ್ಞರು ಸೇರಿ, ಇಡೀ ದೇಹಕ್ಕೆ ಬಳಕೆಯಲ್ಲಿದ್ದ ಸುಮಾರು 50,000 ಹೆಸರುಗಳನ್ನು ಐದೂವರೆ ಸಾವಿರದಷ್ಟಕ್ಕೆ ಇಳಿಸಿದರು. ಅದು ಪಟ್ಟಿಯ ಕೆಲಸ. ಸಂಬಂಧಗಳನ್ನೂ ತರ್ಕಬದ್ಧವಾಗಿ ಬರೆಯುವ ದೊಡ್ಡ ಪ್ರಯತ್ನ ನಡೆದದ್ದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ. ಕಾರ್ನೀಲಿಯಸ್ ರಾಸ್ ಮತ್ತು ಹೊಸೆ ಮೆಹಿನೊ 2003ರಲ್ಲಿ ವಿವರಿಸಿದ ‘ಫೌಂಡೇಶನಲ್ ಮಾಡೆಲ್ ಆಫ್ ಅನಾಟಮಿ’ಯಲ್ಲಿ ಸುಮಾರು 75,000 ವರ್ಗಗಳೂ ಅವುಗಳ ನಡುವೆ 20 ಲಕ್ಷಕ್ಕೂ ಹೆಚ್ಚು ಸಂಬಂಧಗಳೂ ಇವೆ. ಮಿದುಳಿನ ಹೆಸರುಗಳಿಗಾಗಿಯೇ ಅದೇ ವಿಶ್ವವಿದ್ಯಾಲಯದಲ್ಲಿ ಡಗ್ಲಸ್ ಬೌಡನ್ ಮತ್ತು ಸಂಗಡಿಗರು ‘ನ್ಯೂರೋನೇಮ್ಸ್’ ಎಂಬ ಇನ್ನೊಂದು ಕೋಶವನ್ನು ಕಟ್ಟಿದರು.

ಪ್ರಶ್ನೆ (ಸಾಫ್ಟ್‌ವೇರ್ ಎಂಜಿನಿಯರ್): ಮಿದುಳು, ಅದರೊಳಗೆ ಲೋಬುಗಳು, ಲೋಬಿನೊಳಗೆ ಮಡಿಕೆಗಳು ಎಂದು ಕವಲೊಡೆಯುವ ಮರದಂತೆ ಬರೆದರೆ ಕೆಲವು ದಿನಗಳಲ್ಲಿ ಮುಗಿಯುವ ಕೆಲಸ ಇದು. ದಶಕಗಳಿಂದ ಇನ್ನೂ ನಡೆಯುತ್ತಿರುವುದೇಕೆ?

ಉತ್ತರ: ಮರ ಸಾಲುವುದಿಲ್ಲ ಎಂಬುದೇ ಮೊದಲ ತೊಡಕು. ಮರದ ಒಂದು ಕೊಂಬೆಗೆ ಇನ್ನೊಂದನ್ನು ಜೋಡಿಸುವ ಗೆರೆಗೆ ಏನು ಅರ್ಥ ಎಂದು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದೇ ಇಲ್ಲ. ಭಯ ಮುಂತಾದ ಭಾವನೆಗಳಲ್ಲಿ ಪಾತ್ರವಹಿಸುವ ಅಮಿಗ್ಡಲಾ ಎಂಬ ಚಿಕ್ಕ ರಚನೆಯನ್ನು ತೆಗೆದುಕೊಳ್ಳಿ. ‘ಅಮಿಗ್ಡಲಾ ಟೆಂಪೊರಲ್ ಲೋಬಿನ ಭಾಗ’ ಎಂಬುದೂ ‘ಅಮಿಗ್ಡಲಾ ಒಂದು ಬಗೆಯ ನರಕೋಶಗುಚ್ಛ’ ಎಂಬುದೂ ಬೇರೆ ಬೇರೆ ಹೇಳಿಕೆಗಳು. ಮೊದಲನೆಯದು ಭಾಗದ ಸಂಬಂಧ, ಎರಡನೆಯದು ಬಗೆಯ ಸಂಬಂಧ. ಎರಡನ್ನೂ ಒಂದೇ ಗೆರೆಯಿಂದ ಬರೆದರೆ, ತರ್ಕ ಮಾಡುವ ಯಂತ್ರವು ಅಮಿಗ್ಡಲಾವೂ ಒಂದು ಲೋಬು ಎಂದು ನಿರ್ಣಯಿಸಿಬಿಡುತ್ತದೆ. 2004ರಲ್ಲಿ ಅಂತರಜಾಲದ ಮಾನಕವಾಗಿ ಅಂಗೀಕಾರವಾದ ‘ಆವ್ಲ್’ ಎಂಬ ನಿರೂಪಣಾ ಭಾಷೆಯಂಥವು ಬೇಕಾಗುವುದು ಇಲ್ಲಿಯೇ. ಪ್ರತಿಯೊಂದು ಗೆರೆಗೂ ಇಂಥದ್ದೇ ಅರ್ಥ ಎಂದು ಅವುಗಳಲ್ಲಿ ಬರೆದು ತೋರಿಸಬೇಕಾಗುತ್ತದೆ, ಬರೆದದ್ದರಲ್ಲಿ ಪರಸ್ಪರ ವಿರೋಧವಿದ್ದರೆ ಯಂತ್ರ ಅದನ್ನು ಎತ್ತಿ ತೋರಿಸುತ್ತದೆ.

ಭಾಗದ ಸಂಬಂಧ ಸರಪಳಿಯಂತೆ ಸಾಗುತ್ತದೆ: ಡೆಂಟೇಟ್ ಗೈರಸ್ ಹಿಪೊಕ್ಯಾಂಪಲ್ ರಚನೆಯ ಭಾಗ, ಆ ರಚನೆ ಟೆಂಪೊರಲ್ ಲೋಬಿನ ಭಾಗ, ಆದ್ದರಿಂದ ಡೆಂಟೇಟ್ ಗೈರಸ್ ಟೆಂಪೊರಲ್ ಲೋಬಿನ ಭಾಗ. ಆದರೆ ಭಾಗದ ಕುರಿತ ಸಂಗತಿಗಳೆಲ್ಲ ಈ ಸರಪಳಿ ಹಿಡಿದು ಮೇಲೇರುವುದಿಲ್ಲ. ಡೆಂಟೇಟ್ ಗೈರಸ್ಸಿಗೆ ಪೆಟ್ಟಾಗಿದ್ದರೆ ಟೆಂಪೊರಲ್ ಲೋಬಿಗೂ ಪೆಟ್ಟಾಗಿದೆ ಎನ್ನಬಹುದು. ಡೆಂಟೇಟ್ ಗೈರಸ್ಸಿನ ಗಾತ್ರ ಕಡಿಮೆಯಿದ್ದರೆ ಲೋಬಿನ ಗಾತ್ರವೂ ಕಡಿಮೆಯೆಂದು ಹೇಳಲಾಗದು. ರೋಗದ ಅಧ್ಯಯನದಲ್ಲಿ ನಾವು ದಾಖಲಿಸುವುದು ಬಹುತೇಕ ಇಂಥ ಗಾತ್ರ, ಚಟುವಟಿಕೆ, ಕೋಶಸಾಂದ್ರತೆಗಳನ್ನೇ ಆದ್ದರಿಂದ, ಯಾವ ಗುಣ ಮೇಲೇರುತ್ತದೆ, ಯಾವುದು ಏರುವುದಿಲ್ಲ ಎಂಬುದನ್ನು ಒಂದೊಂದಾಗಿ ಯೋಚಿಸಿ ಬರೆಯಬೇಕಾಗುತ್ತದೆ.

ಇನ್ನೂ ಕಷ್ಟವಾದದ್ದು, ಮಿದುಳಿನ ತೊಗಟೆಯನ್ನು (ಕಾರ್ಟೆಕ್ಸ್ ಎಂಬ ಹೊರಪದರವನ್ನು) ಹಂಚುವ ಒಂದೇ ಸರ್ವಸಮ್ಮತ ಕ್ರಮ ಇಲ್ಲದಿರುವುದು. ಜರ್ಮನಿಯ ಕೊರ್ಬಿನಿಯನ್ ಬ್ರಾಡ್‌ಮನ್ 1909ರಲ್ಲಿ ಸೂಕ್ಷ್ಮದರ್ಶಕದಡಿ ಕೋಶಗಳ ಪದರಗಳು ಎಲ್ಲಿ ಬದಲಾಗುತ್ತವೆ ಎಂಬುದನ್ನು ನೋಡಿ ತೊಗಟೆಯನ್ನು ವಿಭಾಗಿಸಿದರು. ಅವರ ಅಂಕಿಗಳು 52ರವರೆಗೆ ಹೋಗುತ್ತವೆ. ಎಂಆರ್‌ಐ ಚಿತ್ರಗಳಿಗಾಗಿ 2006ರಲ್ಲಿ ಪ್ರಕಟವಾದ ಡೆಸಿಕಾನ್–ಕಿಲಿಯನಿ ನಕ್ಷೆಯು ಮಡಿಕೆ ಮತ್ತು ತೋಡುಗಳನ್ನು ಅನುಸರಿಸಿ ಒಂದೊಂದು ಪಕ್ಕದಲ್ಲಿ 34 ಪ್ರದೇಶಗಳನ್ನು ಗುರುತಿಸುತ್ತದೆ. 2016ರಲ್ಲಿ ಮ್ಯಾಥ್ಯೂ ಗ್ಲಾಸರ್ ಮತ್ತು ಸಂಗಡಿಗರು ರಚನೆ, ಕಾರ್ಯ, ಸಂಪರ್ಕಗಳನ್ನೆಲ್ಲ ಒಟ್ಟಿಗೆ ಪರಿಗಣಿಸಿ ಒಂದೊಂದು ಪಕ್ಕದಲ್ಲಿ 180 ಪ್ರದೇಶಗಳನ್ನು ಗುರುತಿಸಿದರು, ಅವುಗಳಲ್ಲಿ 97 ಹೊಸವು. ಒಂದರ ಗಡಿಯು ಇನ್ನೊಂದರ ನಟ್ಟನಡುವೆ ಹಾದುಹೋಗುವುದುಂಟು. ಆದ್ದರಿಂದ ಒಂದು ನಕ್ಷೆಯ ಪ್ರದೇಶ ಇನ್ನೊಂದರದಕ್ಕೆ ಪೂರ್ತಿ ಸಮವೇ, ಅದರೊಳಗೆ ಅಡಗಿದೆಯೇ, ಅದನ್ನು ಒಳಗೊಂಡಿದೆಯೇ, ಭಾಗಶಃ ಮಾತ್ರ ಅತಿಕ್ರಮಿಸುತ್ತದೆಯೇ ಎಂದು ಪ್ರತಿ ಜೋಡಿಗೂ ದಾಖಲಿಸಬೇಕು. ಮಂಗನ ಮಿದುಳಿನ ಸಂಪರ್ಕಗಳ ದತ್ತಕೋಶವಾದ ‘ಕೊಕೊಮ್ಯಾಕ್’ ಈ ನಾಲ್ಕು ಸಂಬಂಧಗಳನ್ನೇ ಆಧಾರವಾಗಿಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡಿತು.

ಇದರೊಂದಿಗೆ ಸೇರಿದ ಒಂದು ಸಂಗತಿಯನ್ನು ಹೇಳಲೇಬೇಕು. ಬ್ರಾಡ್‌ಮನ್ ನಮಗೆ ಬಿಟ್ಟುಹೋದದ್ದು ರೇಖಾಚಿತ್ರಗಳನ್ನು. ಮೂರು ಆಯಾಮದ ಅಳತೆಗಳನ್ನಲ್ಲ. ಅನೇಕ ವರ್ಷ ಸ್ಕ್ಯಾನ್ ಅಧ್ಯಯನಗಳಿಗೆ ಆಧಾರವಾಗಿದ್ದ ತಲೈರಾಕ್ ಮತ್ತು ಟೂರ್ನೂ ಅವರ 1988ರ ಅಟ್ಲಾಸು ಅರವತ್ತು ವರ್ಷದ ಒಬ್ಬ ಮಹಿಳೆಯ ಮಿದುಳನ್ನು ಆಧರಿಸಿತ್ತು, ಮತ್ತು ಅದರಲ್ಲಿ ಬ್ರಾಡ್‌ಮನ್ ಅಂಕಿಗಳನ್ನು ಹಾಕಿದ್ದು ಆ ಮಿದುಳಿನ ಕೋಶಗಳನ್ನು ಪರೀಕ್ಷಿಸಿ ಅಲ್ಲ, ಚಿತ್ರದೊಂದಿಗೆ ಹೋಲಿಸಿ ಅಂದಾಜಿನಿಂದ. ಹಾಗಾಗಿ ‘46ನೇ ಪ್ರದೇಶದಲ್ಲಿ ಚಟುವಟಿಕೆ ಕಂಡಿತು’ ಎಂಬ ವಾಕ್ಯವನ್ನು ಓದುವಾಗ, ಅದು ಕೋಶ ನೋಡಿ ಗುರುತಿಸಿದ 46ನೇ ಪ್ರದೇಶವೋ, ಅಟ್ಲಾಸಿನ ಅಂದಾಜಿನ 46ನೇ ಪ್ರದೇಶವೋ ಎಂದು ಕೇಳಬೇಕು. ಒಳ್ಳೆಯ ನಿರೂಪಣೆ ಈ ಎರಡಕ್ಕೂ ಬೇರೆ ಬೇರೆ ಗುರುತು ಕೊಡುತ್ತದೆ.

ಕೊನೆಯದಾಗಿ, ಯಾರ ಮಿದುಳು? ಆಂಟಾಲಜಿ ಸಾಮಾನ್ಯವಾಗಿ ಆದರ್ಶ ಮಿದುಳೊಂದನ್ನು ವಿವರಿಸುತ್ತದೆ. ‘ಪ್ರತಿಯೊಂದು ಮಿದುಳಿಗೂ ಹಿಪೊಕ್ಯಾಂಪಸ್ ಇರುತ್ತದೆ’ ಎಂದು ಕಟ್ಟುನಿಟ್ಟಾಗಿ ಬರೆದಿಟ್ಟರೆ, ಅಪಸ್ಮಾರದ ಚಿಕಿತ್ಸೆಗಾಗಿ 1953ರಲ್ಲಿ ಹಿಪೊಕ್ಯಾಂಪಸ್ಸಿನ ದೊಡ್ಡ ಪಾಲನ್ನು ಎರಡೂ ಕಡೆ ತೆಗೆಸಿಕೊಂಡು, ಹೊಸ ಘಟನೆಗಳನ್ನು ನೆನಪಿಡುವ ಶಕ್ತಿಯನ್ನೇ ಕಳೆದುಕೊಂಡ ಹೆನ್ರಿ ಮೊಲೈಸನ್ ಅವರಂಥವರ ಮಿದುಳು ಆ ವ್ಯಾಖ್ಯೆಯ ಹೊರಗೆ ಬೀಳುವ ಅಪಾಯವಿದೆ. (2008ರಲ್ಲಿ ಅವರು ತೀರಿಕೊಂಡ ಮೇಲೆ ಮಿದುಳನ್ನು 2,401 ತೆಳುಪದರಗಳಾಗಿ ಕತ್ತರಿಸಿ ನೋಡಿದಾಗ ಹಿಪೊಕ್ಯಾಂಪಸ್ಸಿನ ಹಿಂಭಾಗ ಸಾಕಷ್ಟು ಉಳಿದಿದ್ದದ್ದು ಕಂಡುಬಂತು. ಅರ್ಧ ಶತಮಾನ ಪಾಠಗಳಲ್ಲಿ ‘ಹಿಪೊಕ್ಯಾಂಪಸ್ ಇಲ್ಲದ ವ್ಯಕ್ತಿ’ ಎಂದು ಹೇಳುತ್ತಿದ್ದ ಮಾತೂ ನಿಖರವಾಗಿರಲಿಲ್ಲ.) ಶಸ್ತ್ರಚಿಕಿತ್ಸೆಯ ಮಾತು ಹಾಗಿರಲಿ, ಹುಟ್ಟಿನಿಂದಲೇ ವ್ಯತ್ಯಾಸಗಳಿವೆ. ಮಿದುಳಿನ ಒಳಮೈಯಲ್ಲಿ ಸಿಂಗ್ಯುಲೇಟ್ ಮಡಿಕೆಗೆ ಸಮಾನಾಂತರವಾಗಿ ಸಾಗುವ ಪ್ಯಾರಾಸಿಂಗ್ಯುಲೇಟ್ ತೋಡು ಕೆಲವರಲ್ಲಿ ಸ್ಪಷ್ಟವಾಗಿರುತ್ತದೆ, ಕೆಲವರಲ್ಲಿ ಒಂದು ಪಕ್ಕದಲ್ಲಿ ಇರುವುದೇ ಇಲ್ಲ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ತೋಡಿನ ಉದ್ದ 1 ಸೆಂಟಿಮೀಟರ್ ಕಡಿಮೆಯಾದಂತೆ ಭ್ರಮಾನುಭವಗಳ ಸಂಭವ ಸುಮಾರು ಶೇ 20ರಷ್ಟು ಹೆಚ್ಚುತ್ತದೆ ಎಂದು 2015ರ ಒಂದು ಅಧ್ಯಯನ ತೋರಿಸಿತು. ಆದರ್ಶ ಮಿದುಳನ್ನಷ್ಟೇ ಬಲ್ಲ ಆಂಟಾಲಜಿಗೆ ಈ ಸಂಗತಿಯನ್ನು ಇಟ್ಟುಕೊಳ್ಳಲು ಜಾಗವೇ ಇರುವುದಿಲ್ಲ. ಮನೋರೋಗದ ಅಧ್ಯಯನಕ್ಕೆ ಬೇಕಾದದ್ದು ‘ಇರಬಹುದು, ಇಲ್ಲದಿರಬಹುದು, ಇದ್ದರೆ ಇಷ್ಟು ಉದ್ದವಿರಬಹುದು’ ಎಂದು ಹೇಳಬಲ್ಲ ನಿರೂಪಣೆ.

ಪ್ರಶ್ನೆ (ಪ್ರಾಣಿಶಾಸ್ತ್ರದ ಉಪನ್ಯಾಸಕರು): ಔಷಧಗಳ ಪ್ರಯೋಗ ನಡೆಯುವುದು ಇಲಿಗಳ ಮೇಲೆ. ಇಲಿಯ ಮಿದುಳಿಗೂ ಮನುಷ್ಯರ ಮಿದುಳಿಗೂ ಒಂದೇ ಆಂಟಾಲಜಿ ಸಾಧ್ಯವೇ?

ಉತ್ತರ: ಒಂದು ಮಟ್ಟಿಗೆ ಸಾಧ್ಯ. 2012ರಲ್ಲಿ ಕ್ರಿಸ್ ಮುಂಗಲ್ ಮತ್ತು ಸಂಗಡಿಗರು ಪ್ರಕಟಿಸಿದ ‘ಊಬೆರಾನ್’ ಎಂಬ ಆಂಟಾಲಜಿ ಹಲವು ಪ್ರಾಣಿಗಳಿಗೆ ಸಮಾನವಾದ ರಚನೆಗಳನ್ನು ಒಂದು ಮಟ್ಟದಲ್ಲಿಟ್ಟು, ಒಂದೊಂದು ಪ್ರಾಣಿಯ ವಿಶೇಷ ರಚನೆಗಳನ್ನು ಅದರ ಕೆಳಗೆ ಜೋಡಿಸುತ್ತದೆ. ಹಿಪೊಕ್ಯಾಂಪಸ್ಸಿನ ವಿಷಯದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಹಣೆಯ ಹಿಂದಿನ ಪ್ರೀಫ್ರಂಟಲ್ ತೊಗಟೆಗೆ ಬಂದಾಗ ಎಚ್ಚರ ಬೇಕು. ಮನುಷ್ಯರಲ್ಲಿ ವಿಸ್ತಾರವಾಗಿ ಬೆಳೆದಿರುವ ಅದರ ಹೊರಪಕ್ಕದ ಪ್ರದೇಶಗಳಿಗೆ ಇಲಿಯಲ್ಲಿ ಸರಿಸಾಟಿ ಯಾವುದು ಎಂಬುದು ಇಂದಿಗೂ ವಾದದ ವಿಷಯ. ಅಲ್ಲಿ ‘ಎರಡೂ ಒಂದೇ’ ಎಂದು ಬರೆಯುವ ಬದಲು ‘ಇವರ ಅಭಿಪ್ರಾಯದಲ್ಲಿ ಸಮಮೂಲ (ಒಂದೇ ಪೂರ್ವಜ ರಚನೆಯಿಂದ ಬಂದವು)’ ಎಂದು, ಆಧಾರದ ಸಮೇತ ಬರೆಯುವುದೇ ಸರಿಯಾದ ಕ್ರಮ.

ಪ್ರಶ್ನೆ (ವಿಜ್ಞಾನ ಲೇಖನಗಳ ಹವ್ಯಾಸಿ ಓದುಗರು): ಖಿನ್ನತೆಯಲ್ಲಿ ಮಿದುಳಿನ ಮುಂಭಾಗದ ಒಂದು ಜಾಗದ ಚಟುವಟಿಕೆ ಕಡಿಮೆಯಾಗುತ್ತದೆ ಎಂದು ಒಂದು ಕಡೆ ಓದಿದೆ. ಅದೇ ಜಾಗದಲ್ಲಿ ಚಟುವಟಿಕೆ ವಿಪರೀತವಾಗಿರುತ್ತದೆ, ಅದನ್ನು ತಗ್ಗಿಸಲು ವಿದ್ಯುತ್ ತಂತಿ ಅಳವಡಿಸುತ್ತಾರೆ ಎಂದು ಇನ್ನೊಂದು ಕಡೆ ಓದಿದೆ. ಯಾವುದನ್ನು ನಂಬಬೇಕು?

ಉತ್ತರ: ನಿಮ್ಮ ಪ್ರಶ್ನೆಗೆ ಕೃತಜ್ಞತೆಗಳು. ಈ ಅಂಕಣದ ವಿಷಯವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಮಿದುಳಿನ ಎರಡು ಪಕ್ಕಗಳನ್ನು ಬೆಸೆಯುವ ಕಾರ್ಪಸ್ ಕ್ಯಾಲೊಸಮ್ ಎಂಬ ನಾರಿನ ಸೇತುವೆ ಮುಂದುಗಡೆ ಮೊಣಕಾಲಿನಂತೆ ಬಾಗುತ್ತದೆ. ಆ ಬಾಗಿಗೆ ಲ್ಯಾಟಿನ್ನಿನಲ್ಲಿ ಮೊಣಕಾಲು ಎಂಬರ್ಥದ ‘ಜೆನು’ ಎಂದೇ ಹೆಸರು. ಅದರ ಕೆಳಗಿನ ತೊಗಟೆ ‘ಸಬ್‌ಜೆನುಅಲ್’ ಪ್ರದೇಶ. ನೀವು ಓದಿದ ಎರಡೂ ಲೇಖನಗಳು ಈ ಹೆಸರನ್ನೇ ಬಳಸಿರಬೇಕು. 1997ರಲ್ಲಿ ವೇಯ್ನ್ ಡ್ರೆವೆಟ್ಸ್ ಮತ್ತು ಸಂಗಡಿಗರು, ಕುಟುಂಬದಲ್ಲಿ ಖಿನ್ನತೆಯ ಹಿನ್ನೆಲೆಯಿದ್ದ ರೋಗಿಗಳ ಮಿದುಳನ್ನು, ಅಂಗಾಂಶದ ಚಟುವಟಿಕೆಯನ್ನು ತೋರಿಸುವ ಪೆಟ್ ಸ್ಕ್ಯಾನ್ ಮೂಲಕ ನೋಡಿ, ಈ ಪ್ರದೇಶದಲ್ಲಿ ರಕ್ತಸಂಚಾರವೂ ಗ್ಲೂಕೋಸ್ ಬಳಕೆಯೂ ಕಡಿಮೆಯೆಂದು ವರದಿ ಮಾಡಿದರು. ಎಂಟು ವರ್ಷಗಳ ನಂತರ, 2005ರಲ್ಲಿ, ಹೆಲೆನ್ ಮೇಬರ್ಗ್ ಮತ್ತು ಸಂಗಡಿಗರು ಇನ್ನಾವ ಚಿಕಿತ್ಸೆಗೂ ಬಗ್ಗದ ಖಿನ್ನತೆಯಿದ್ದ ಆರು ಮಂದಿಯಲ್ಲಿ ‘ಸಬ್‌ಜೆನುಅಲ್ ಸಿಂಗ್ಯುಲೇಟ್’ ಪ್ರದೇಶದ ಚಟುವಟಿಕೆ ಹೆಚ್ಚಿರುವುದನ್ನು ಆಧಾರವಾಗಿಟ್ಟುಕೊಂಡು ಅಲ್ಲಿನ ಬಿಳಿದ್ರವ್ಯಕ್ಕೆ (ನರತಂತುಗಳ ಕಟ್ಟುಗಳಿಗೆ) ನಿರಂತರ ವಿದ್ಯುತ್ ಪ್ರಚೋದನೆ ನೀಡಿದರು. ಆರರಲ್ಲಿ ನಾಲ್ವರಲ್ಲಿ ಗಮನಾರ್ಹ ಸುಧಾರಣೆ ಕಂಡಿತು.

ಎದುರುಬದುರಾಗಿ ನಿಂತಂತೆ ಕಾಣುವ ಈ ಎರಡು ವಾಕ್ಯಗಳಲ್ಲಿರುವ ಪದಗಳನ್ನು ಒಂದೊಂದಾಗಿ ಬಿಚ್ಚಿ ನೋಡೋಣ. ಮೊದಲು ಜಾಗ. ಡ್ರೆವೆಟ್ಸ್ ಅವರ ಗುಂಪು ಚರ್ಚಿಸಿದ್ದು ಮುಖ್ಯವಾಗಿ ಬ್ರಾಡ್‌ಮನ್ನನ 24ನೇ ಪ್ರದೇಶದ ಸಬ್‌ಜೆನುಅಲ್ ಪಾಲನ್ನು. ಮೇಬರ್ಗ್ ಗುಂಪು ಗುರಿಯಿಟ್ಟದ್ದು ಅದರ ಪಕ್ಕದ 25ನೇ ಪ್ರದೇಶವನ್ನು. ಎರಡೂ ಮೊಣಕಾಲಿನ ಕೆಳಗೇ ಇವೆ, ಎರಡಕ್ಕೂ ಒಂದೇ ಅಡ್ಡಹೆಸರು ಸಲ್ಲುತ್ತದೆ, ಆದರೆ ಕೋಶಗಳ ಜೋಡಣೆಯಲ್ಲಿ ಎರಡೂ ಬೇರೆ. ಎರಡನೆಯದಾಗಿ, ಅಳೆದ ಗುಣ. 1997ರ ಅಧ್ಯಯನದಲ್ಲಿ ಅದೇ ಜಾಗದ ಬೂದುದ್ರವ್ಯದ (ನರಕೋಶಗಳ ಒಡಲಿರುವ ಅಂಗಾಂಶದ) ಗಾತ್ರವೂ ಕುಗ್ಗಿದ್ದದ್ದು ಎಂಆರ್‌ಐಯಲ್ಲಿ ಕಂಡಿತ್ತು. ಪೆಟ್ ಚಿತ್ರದ ಸೂಕ್ಷ್ಮತೆ ಸೀಮಿತವಾದ್ದರಿಂದ ತೆಳುವಾದ ಅಂಗಾಂಶ ತನ್ನ ನಿಜವಾದ ಚಟುವಟಿಕೆಗಿಂತ ಮಂಕಾಗಿ ತೋರುತ್ತದೆ. ಅಂದರೆ, ಇಡೀ ಜಾಗದ ಸಂಕೇತ ಕಡಿಮೆಯಿದ್ದೂ ಉಳಿದಿರುವ ಅಂಗಾಂಶದ ಒಂದೊಂದು ಕಣ ಹೆಚ್ಚು ಕೆಲಸ ಮಾಡುತ್ತಿರುವುದು ಸಾಧ್ಯ. ‘ಚಟುವಟಿಕೆ’ ಎಂಬ ಒಂದೇ ಪದ ಇಲ್ಲಿ ಎರಡು ಗುಣಗಳನ್ನು ಮುಚ್ಚಿಹಾಕಿದೆ. ಮೂರನೆಯದಾಗಿ, ವ್ಯಕ್ತಿಗಳು. ಕೌಟುಂಬಿಕ ಹಿನ್ನೆಲೆಯ ಖಿನ್ನತೆ, ಬೈಪೋಲಾರ್ ಕಾಯಿಲೆಯ ಖಿನ್ನತೆ, ಯಾವ ಮದ್ದಿಗೂ ಜಗ್ಗದ ಖಿನ್ನತೆ, ಇವೆಲ್ಲ ಒಂದೇ ಎಂದು ಊಹಿಸಲು ನಮಗೆ ಆಧಾರವಿಲ್ಲ.

1998ರಲ್ಲಿ, ಮರಣೋತ್ತರ ಅಂಗಾಂಶದಲ್ಲಿ, ಇದೇ 24ನೇ ಪ್ರದೇಶದ ಸಬ್‌ಜೆನುಅಲ್ ಪಾಲಿನಲ್ಲಿ ನರಕೋಶಗಳ ಆಸರೆಯಾದ ಗ್ಲಿಯಾ ಕೋಶಗಳ ಸಂಖ್ಯೆ ಕಡಿಮೆಯಿರುವುದೂ ವರದಿಯಾಯಿತು. ಈಗ ಇವೆಲ್ಲವನ್ನೂ ವಿಧಿಬದ್ಧವಾಗಿ ಬರೆದೆವೆನ್ನಿ: ಯಾವ ರಚನೆ, ಎಡವೋ ಬಲವೋ, ಯಾವ ಗುಣ, ಯಾವ ವಿಧಾನದಿಂದ ಅಳೆದದ್ದು, ಯಾರಲ್ಲಿ, ಕಾಯಿಲೆಯ ಯಾವ ಹಂತದಲ್ಲಿ. ಆಗ ಈ ಮೂರೂ ಫಲಿತಾಂಶಗಳು ಮೂರು ಬೇರೆ ಬೇರೆ ಹೇಳಿಕೆಗಳಾಗಿ ಕಾಣುತ್ತವೆ; ಅವುಗಳ ನಡುವೆ ನಿಜವಾದ ವಿರೋಧ ಇದೆಯೇ ಎಂದು ಕೇಳುವುದಕ್ಕೆ ಅರ್ಥ ಬರುತ್ತದೆ. ಹಾಗೆ ಬರೆಯದಿದ್ದರೆ ಕೈಯಲ್ಲಿ ಉಳಿಯುವುದು ‘ಸಬ್‌ಜೆನುಅಲ್: ಕಡಿಮೆ’, ‘ಸಬ್‌ಜೆನುಅಲ್: ಹೆಚ್ಚು’ ಎಂಬ ಎರಡು ಚೀಟಿಗಳು.

ಪದಗಳನ್ನು ಸರಿಪಡಿಸಿದ ಮಾತ್ರಕ್ಕೆ ಎಲ್ಲ ಬಗೆಹರಿಯುತ್ತದೆ ಎಂದು ಭಾವಿಸಬಾರದು. ಈ ಪ್ರಚೋದನೆಯನ್ನು ನಂತರ ಹಲವು ಕೇಂದ್ರಗಳಲ್ಲಿ 90 ರೋಗಿಗಳ ಮೇಲೆ ಪರೀಕ್ಷಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಆರು ತಿಂಗಳ ಹೊತ್ತಿಗೆ ನಿಜವಾದ ಪ್ರಚೋದನೆಗೂ ತೋರಿಕೆಯ ಪ್ರಚೋದನೆಗೂ ನಡುವೆ ಸಾಂಖ್ಯಿಕವಾಗಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವಿದ್ಯುತ್ ತಂತಿಯ ತುದಿ ನಿಖರವಾಗಿ ಯಾವ ಯಾವ ನಾರಿನ ಕಟ್ಟುಗಳನ್ನು ಮುಟ್ಟಬೇಕು ಎಂಬ ವಿಚಾರ ಆಮೇಲೆ ಮುನ್ನೆಲೆಗೆ ಬಂತು. ಮತ್ತೆ ಅಂಗರಚನೆಯ ಪ್ರಶ್ನೆಯೇ. ಈ ಸಲ ಮಿಲಿಮೀಟರುಗಳಲ್ಲಿ.

ಪ್ರಶ್ನೆ (ಆಪ್ತಸಮಾಲೋಚಕಿ): ಮಿದುಳಿನ ಕಡೆಯಿಂದ ಇಷ್ಟು ನಿಖರತೆ ಸಾಧಿಸಿದರೂ ಕಾಯಿಲೆಯ ಕಡೆಯ ಹೆಸರುಗಳು ಸಡಿಲವಾಗಿಯೇ ಇವೆಯಲ್ಲವೇ? ಅವನ್ನೂ ಆಂಟಾಲಜಿಯಲ್ಲಿ ತರುವುದು ಹೇಗೆ? ಯಂತ್ರಕಲಿಕೆಯ (ಮೆಷಿನ್ ಲರ್ನಿಂಗ್) ಈ ಕಾಲದಲ್ಲಿ ಇದೆಲ್ಲ ಬೇಕೇ ಎಂದೂ ನನ್ನ ಸಹೋದ್ಯೋಗಿಗಳು ಕೇಳುತ್ತಾರೆ.

ಉತ್ತರ: ನಿಮ್ಮ ಅನುಮಾನಕ್ಕೆ ಒಂದು ಲೆಕ್ಕವೇ ಸಾಕ್ಷಿ. ಅಮೆರಿಕದ ಮನೋವೈದ್ಯರ ಸಂಘದ 2013ರ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5ರ ಪ್ರಕಾರ ತೀವ್ರ ಖಿನ್ನತೆಯೆಂದು ಗುರುತಿಸಲು ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಇರಬೇಕು, ಅವುಗಳಲ್ಲಿ ಒಂದಾದರೂ ಕುಗ್ಗಿದ ಮನಸ್ಸು ಅಥವಾ ಆಸಕ್ತಿಯ ನಷ್ಟವಾಗಿರಬೇಕು. ಹೀಗೆ ಐದು ಅಥವಾ ಹೆಚ್ಚು ಲಕ್ಷಣಗಳು ಕೂಡಿಬರುವ ಬಗೆಗಳು 227. ಒಂದೇ ರೋಗನಾಮ ಪಡೆದ ಇಬ್ಬರಿಗೆ ಒಂದೇ ಒಂದು ಲಕ್ಷಣ ಸಮಾನವಾಗಿರುವುದು ಸಾಧ್ಯ. ಅಂಥ ನೂರು ಮಂದಿಯ ಮಿದುಳಿನ ಸರಾಸರಿ ತೆಗೆದು ಅದರಲ್ಲಿ ಒಂದು ಜಾಗ ಹುಡುಕಿದರೆ ಸಿಗುವುದೇನು ಎಂದು ಯೋಚಿಸಿ.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ‘ಆರ್‌ಡಾಕ್’ ಎಂಬ ಚೌಕಟ್ಟನ್ನು ರೂಪಿಸಿದ್ದು ಇದೇ ಅತೃಪ್ತಿಯಿಂದ. ಅದು ರೋಗನಾಮಗಳನ್ನು ಬದಿಗಿಟ್ಟು ಭಯ, ಪ್ರತಿಫಲ, ಗಮನ, ನೆನಪು ಮುಂತಾದ ಕಾರ್ಯಗಳನ್ನು ವಂಶವಾಹಿಗಳಿಂದ ಹಿಡಿದು ವರ್ತನೆಯವರೆಗೆ ಹಲವು ಹಂತಗಳಲ್ಲಿ ಅಧ್ಯಯನ ಮಾಡಲು ಹೇಳುತ್ತದೆ. ರಸೆಲ್ ಪೋಲ್ಡ್ರಾಕ್ ಮತ್ತು ಸಂಗಡಿಗರ ‘ಕಾಗ್ನಿಟಿವ್ ಅಟ್ಲಾಸ್’ ಮಾನಸಿಕ ಕಾರ್ಯಗಳಿಗೂ ಅವನ್ನು ಅಳೆಯುವ ಪರೀಕ್ಷೆಗಳಿಗೂ ಇಂಥದೇ ಕೋಶವನ್ನು ಕಟ್ಟುತ್ತಿದೆ. ಜನಾ ಹೇಸ್ಟಿಂಗ್ಸ್ ಮತ್ತು ಸಂಗಡಿಗರು ಮಾನಸಿಕ ಕಾರ್ಯ, ಭಾವನೆ, ಮನೋರೋಗಗಳಿಗೆ ಪ್ರತ್ಯೇಕ ಆಂಟಾಲಜಿಗಳನ್ನು ರಚಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಇವೆಲ್ಲ ಅಂಗರಚನೆಯ ಆಂಟಾಲಜಿಯಿಂದ ಬೇರೆಯಾಗಿಯೇ ಇರಬೇಕು, ಆದರೆ ಅದಕ್ಕೆ ಜೋಡಿಸುವಂತಿರಬೇಕು. ‘ಖಿನ್ನತೆಯ ನೆಲೆ 25ನೇ ಪ್ರದೇಶ’ ಎಂಬ ಗೆರೆಯನ್ನು ಯಾರೂ ಬರೆಯಬಾರದು. ಎಲುಬು ಮುರಿದ ಜಾಗವನ್ನು ತೋರಿಸುವ ಹಾಗೆ ಮನೋರೋಗದ ಜಾಗವನ್ನು ತೋರಿಸಲು ನಮಗೆ ಆಧಾರವಿಲ್ಲ. ‘ಇಂಥ ಅಧ್ಯಯನದಲ್ಲಿ, ಇಂಥವರಲ್ಲಿ, ಈ ರಚನೆಯ ಈ ಗುಣ ಹೀಗೆ ಕಂಡಿತು’ ಎಂದು ಬರೆಯಬಹುದು, ಅಷ್ಟೇ. ಅಮಿಗ್ಡಲಾ ಸಕ್ರಿಯವಾಯಿತು, ಆದ್ದರಿಂದ ವ್ಯಕ್ತಿ ಹೆದರಿದ್ದಾನೆ ಎಂಬ ಹಿಮ್ಮುಖ ತರ್ಕವೂ ಇದೇ ತಪ್ಪಿನ ಇನ್ನೊಂದು ರೂಪ; ಅಮಿಗ್ಡಲಾ ಸಂತೋಷದ, ಹೊಸತನದ ಸಂದರ್ಭಗಳಲ್ಲೂ ಸಕ್ರಿಯವಾಗುತ್ತದೆ.

ಯಂತ್ರಕಲಿಕೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ರೋಗಿಗಳ ಸ್ಕ್ಯಾನುಗಳೆಲ್ಲ ಒಂದು ಕೇಂದ್ರದಿಂದ, ಆರೋಗ್ಯವಂತರವು ಇನ್ನೊಂದರಿಂದ ಬಂದಿದ್ದರೆ, ಯಂತ್ರವು ಕಾಯಿಲೆಯ ಬದಲು ಸ್ಕ್ಯಾನರುಗಳ ನಡುವಿನ ವ್ಯತ್ಯಾಸವನ್ನು ಕಲಿತು ಅದರಲ್ಲಿ ನಿಷ್ಣಾತವಾಗುತ್ತದೆ. ಯಾವ ದತ್ತಾಂಶ ಎಲ್ಲಿಂದ, ಹೇಗೆ, ಯಾವ ನಕ್ಷೆಯ ಮೂಲಕ ಬಂತು ಎಂಬ ವಿವರ ಯಂತ್ರ ಓದಬಲ್ಲ ರೂಪದಲ್ಲಿ ಇದ್ದರೆ ಮಾತ್ರ ಇದನ್ನು ಪತ್ತೆ ಮಾಡಬಹುದು.

ಪ್ರಶ್ನೆ (ಒಬ್ಬ ಅಕ್ಕ): ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ. ಅವನ ಎಂಆರ್‌ಐ ಸ್ಕ್ಯಾನಿನಲ್ಲಿ ‘ಎಲ್ಲವೂ ಸಹಜ’ ಎಂದು ಬರೆದಿದ್ದಾರೆ. ಸಂಶೋಧನೆಯಲ್ಲಿ ವ್ಯತ್ಯಾಸ ಕಾಣುತ್ತದೆ ಎನ್ನುತ್ತೀರಿ. ಹಾಗಾದರೆ ಇವನ ರೋಗವನ್ನು ತಪ್ಪಾಗಿ ಗುರುತಿಸಿದ್ದಾರೆಯೇ? ಅವನ ಸ್ಕ್ಯಾನನ್ನು ಒಂದು ಅಧ್ಯಯನಕ್ಕೆ ಕೊಡುವಿರಾ ಎಂದೂ ಕೇಳಿದ್ದಾರೆ.

ಉತ್ತರ: ಅಕ್ಕಾ, ಸ್ಕ್ಯಾನ್ ಸಹಜವಾಗಿರುವುದಕ್ಕೂ ರೋಗನಿರ್ಣಯ ತಪ್ಪಾಗಿರುವುದಕ್ಕೂ ಸಂಬಂಧವಿಲ್ಲ. ದಯವಿಟ್ಟು ಈ ಕಾರಣಕ್ಕಾಗಿ ಚಿಕಿತ್ಸೆ ನಿಲ್ಲಿಸಬೇಡಿ. ಸ್ಕಿಜೋಫ್ರೇನಿಯಾವನ್ನು ವೈದ್ಯರು ಗುರುತಿಸುವುದು ವ್ಯಕ್ತಿಯ ಅನುಭವ, ವರ್ತನೆ ಮತ್ತು ಅವು ಎಷ್ಟು ಕಾಲದಿಂದ ಇವೆ ಎಂಬುದರಿಂದ. ಸ್ಕ್ಯಾನ್ ಮಾಡಿಸುವುದು ಗೆಡ್ಡೆ, ಸೋಂಕು, ರಕ್ತಸ್ರಾವದಂಥ ಬೇರೆ ಕಾರಣಗಳು ಇಲ್ಲವೆಂದು ಖಚಿತಪಡಿಸಿಕೊಳ್ಳಲು. ನಿಮ್ಮ ತಮ್ಮನ ವರದಿ ಹೇಳುತ್ತಿರುವುದು ಅಷ್ಟನ್ನೇ, ಮತ್ತು ಆ ಮಟ್ಟಿಗೆ ಅದು ಒಳ್ಳೆಯ ಸುದ್ದಿ.

ಸಂಶೋಧನೆಯಲ್ಲಿ ಕಾಣುವ ವ್ಯತ್ಯಾಸ ಗುಂಪುಗಳ ಸರಾಸರಿಯದು. ‘ಎನಿಗ್ಮಾ’ ಎಂಬ ಅಂತರರಾಷ್ಟ್ರೀಯ ಒಕ್ಕೂಟ 2,028 ಸ್ಕಿಜೋಫ್ರೇನಿಯಾ ರೋಗಿಗಳನ್ನು 2,540 ಆರೋಗ್ಯವಂತರೊಂದಿಗೆ ಹೋಲಿಸಿದಾಗ ರೋಗಿಗಳ ಹಿಪೊಕ್ಯಾಂಪಸ್ ಸರಾಸರಿಯಲ್ಲಿ ಚಿಕ್ಕದಾಗಿತ್ತು. ಆದರೂ ಎರಡು ಗುಂಪುಗಳ ಅಳತೆಗಳ ಹರವು ಬಹುಪಾಲು ಒಂದರ ಮೇಲೊಂದು ಬೀಳುತ್ತದೆ. ಎಂದರೆ, ಅನೇಕ ರೋಗಿಗಳ ಹಿಪೊಕ್ಯಾಂಪಸ್ ಅನೇಕ ಆರೋಗ್ಯವಂತರದಕ್ಕಿಂತ ದೊಡ್ಡದೇ ಇತ್ತು. ಖಿನ್ನತೆಯಲ್ಲಿ ಈ ವ್ಯತ್ಯಾಸ ಇನ್ನೂ ಚಿಕ್ಕದು: ಅದೇ ಒಕ್ಕೂಟ 1,728 ರೋಗಿಗಳನ್ನು 7,199 ಮಂದಿಯೊಂದಿಗೆ ಹೋಲಿಸಿದಾಗ ಕಂಡದ್ದು ಸರಾಸರಿ ಶೇ 1.24ರಷ್ಟು ಕಡಿಮೆ ಗಾತ್ರ. ಒಬ್ಬ ವ್ಯಕ್ತಿಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡುವ ರೇಡಿಯಾಲಜಿಸ್ಟ್ ಕಣ್ಣಿಗೆ ಇದು ಬೀಳುವಂಥದ್ದಲ್ಲ. ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯಲು ಸಾವಿರಾರು ಸ್ಕ್ಯಾನುಗಳು ಬೇಕು, ಒಂದೇ ಕೇಂದ್ರದಲ್ಲಿ ಅಷ್ಟು ಸಿಗುವುದಿಲ್ಲ, ಹಲವು ಕೇಂದ್ರಗಳವನ್ನು ಕೂಡಿಸಬೇಕಾದರೆ ಎಲ್ಲರೂ ಒಂದೇ ರಚನೆಯನ್ನು ಒಂದೇ ಕ್ರಮದಲ್ಲಿ ಅಳೆದಿರಬೇಕು. ಎನಿಗ್ಮಾದವರು ಮೊದಲು ಒಪ್ಪಿಕೊಂಡದ್ದು ಇಂಥ ಒಂದು ಸಮಾನ ಕ್ರಮವನ್ನೇ.

ಅಧ್ಯಯನಕ್ಕೆ ಕೊಡುವ ವಿಚಾರ. ಇದರಿಂದ ನಿಮ್ಮ ತಮ್ಮನ ಚಿಕಿತ್ಸೆಗೆ ನೇರವಾದ ಪ್ರಯೋಜನ ಆಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ. ಕೊಡದಿದ್ದರೆ ಚಿಕಿತ್ಸೆಗೆ ತೊಂದರೆಯೂ ಆಗಬಾರದು. ಹಾಗೆಂದು ಒಪ್ಪಿಗೆ ಪತ್ರದಲ್ಲಿ ಬರೆದಿದೆಯೇ ನೋಡಿ. ಹೆಸರು ತೆಗೆದರೆ ಸಾಲದು. ತಲೆಯ ಎಂಆರ್‌ಐಯಿಂದ ಮುಖದ ಆಕಾರವನ್ನು ಮರಳಿ ರೂಪಿಸಲು ಸಾಧ್ಯವಿರುವುದರಿಂದ, ಚಿತ್ರವನ್ನು ಬೇರೆಯವರೊಂದಿಗೆ ಹಂಚುವ ಮೊದಲು ಮುಖದ ಭಾಗವನ್ನು ಅಳಿಸುತ್ತಾರೆಯೇ ಎಂದು ಕೇಳಿ. ಯಾವ ಯಾವ ಕೇಂದ್ರಗಳೊಂದಿಗೆ ಹಂಚುತ್ತಾರೆ, ಮುಂದೊಂದು ದಿನ ಹಿಂತೆಗೆದುಕೊಳ್ಳಲು ಅವಕಾಶವಿದೆಯೇ, ಸ್ಕ್ಯಾನಿನ ಜೊತೆಗೆ ಅವನ ಲಕ್ಷಣಗಳು ಮತ್ತು ತೆಗೆದುಕೊಳ್ಳುತ್ತಿರುವ ಔಷಧಗಳ ವಿವರವನ್ನೂ ದಾಖಲಿಸುತ್ತಾರೆಯೇ ಎಂಬುದನ್ನೂ ಕೇಳಿ. ಆ ವಿವರಗಳಿಲ್ಲದ ಸ್ಕ್ಯಾನಿನಿಂದ ಸಂಶೋಧಕರಿಗೆ ಹೆಚ್ಚಿನ ಉಪಯೋಗವಿಲ್ಲ. ಇವಕ್ಕೆಲ್ಲ ತೃಪ್ತಿಕರ ಉತ್ತರ ಸಿಕ್ಕ ಮೇಲೂ ಸಹಿ ಹಾಕಲು ಆತುರಪಡಬೇಡಿ. ಇದು ಅವನ ಮಿದುಳಿನ ಚಿತ್ರ. ಅವನ ಮನಸ್ಸು ತಿಳಿಯಾಗಿರುವ ಒಂದು ದಿನ ಅವನ ಪಕ್ಕದಲ್ಲಿ ಕುಳಿತು, ಇದನ್ನೆಲ್ಲ ಅವನಿಗೇ ಓದಿ ಹೇಳಿ, ಕೊಡಲು ಇಷ್ಟವಿದೆಯೇ ಎಂದು ಅವನನ್ನೇ ಕೇಳಿ.